ಔಟ್‌ಡೂ ಅಂದ್ರೆ ಸೋಲಿಸೋದಾ, ಮೀರಿಸೋದಾ?

ಹೇಮಾವತಿ ದಡ, ಹಾಸನ

ಇಂಗ್ಲಿಷಿನ 'ಔಟ್‌ಡೂ' ಅನ್ನೋ ಕ್ರಿಯಾಪದದ ಬಗ್ಗೆ ಒಂದು ಪ್ರಶ್ನೆ. ಮಗಳು ದ್ವಿತೀಯ ಪಿಯುಸಿ. ಅವಳ ನೋಟ್ಸ್‌ನಲ್ಲಿ ಇದಕ್ಕೆ 'ಸೋಲಿಸು' ಅಂತಿದೆ. ಮನೆಯಲ್ಲಿರುವ ನಿಘಂಟಿನಲ್ಲಿ 'ಮೀರಿಸು' ಅಂತಿದೆ. ಅವಳ ಗೆಳತಿಯರಲ್ಲಿ ಕೆಲವರು 'ಔಟ್ ಮಾಡು' ಅಂತಲೇ ತಿಳಿದಿದ್ದಾರೆ, ಕ್ರಿಕೆಟ್‌ನ ಔಟ್ ಇದ್ದ ಹಾಗೆ. ಯಾವುದು ಸರಿ?

ಬರೀ ಅರ್ಥ ಗೊತ್ತಾದರೆ ಸಾಲದು. ಇದರ ಮುಂದೆ 'ದ್ಯಾನ್' ಬರುತ್ತಾ? 'ನಾಟ್ ಟು ಬಿ ಔಟ್‌ಡನ್' ಅಂತ ಒಂದು ಕಡೆ ಇತ್ತು, ಅದನ್ನು ಕನ್ನಡದಲ್ಲಿ ಹೇಗೆ ಹೇಳೋದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ. ನಮ್ಮ ಕಡೆಯ ಉದಾಹರಣೆ ಇದ್ದರೆ ಅವಳ ತಲೆಗೆ ಬೇಗ ಹೋಗುತ್ತೆ.

ಹಳೇ ಮೇಷ್ಟ್ರು, ಅರಸೀಕೆರೆ

'ಸೋಲಿಸು' ಪೂರ್ತಿ ಸರಿಯಲ್ಲ ತಾಯಿ. ಸೋಲಿಸಬೇಕಾದರೆ ಒಂದು ಪಂದ್ಯವೋ ಚುನಾವಣೆಯೋ ಜಗಳವೋ ಇರಬೇಕು. ಇಬ್ಬರೂ ಕಣಕ್ಕೆ ಇಳಿದಿರಬೇಕು. ಔಟ್‌ಡೂಗೆ ಅದು ಬೇಡ. ಒಬ್ಬ ಮಾಡಿದ ಕೆಲಸವನ್ನೇ ಇನ್ನೊಬ್ಬ ಅವನಿಗಿಂತ ಚೆನ್ನಾಗಿಯೋ ಜಾಸ್ತಿಯಾಗಿಯೋ ಮಾಡಿದರೆ ಸಾಕು. ಸೋತವನಿಗೆ ಸೋತೆ ಅಂತ ಗೊತ್ತೇ ಇಲ್ಲದಿರಬಹುದು. ಅವನು ಇನ್ನೊಂದು ಊರಿನಲ್ಲಿರಬಹುದು, ಇನ್ನೊಂದು ಕಾಲದವನೂ ಆಗಿರಬಹುದು. ಹಾಗಾಗಿ ನಿಮ್ಮ ನಿಘಂಟಿನ 'ಮೀರಿಸು' ಸರಿ.

ಇನ್ನು 'ಔಟ್ ಮಾಡು'. ನನ್ನ ತರಗತಿಯಲ್ಲೂ ಮಕ್ಕಳು ಹೀಗೇ ಹೇಳುತ್ತಿದ್ದರು. ನಮಗೆ 'ಔಟ್' ಅಂದ ಕೂಡಲೇ ವಿಕೆಟ್ ಬಿದ್ದದ್ದು, ಇಲ್ಲವೇ 'ಹೊರಗೆ' ಅನ್ನೋದು ನೆನಪಾಗುತ್ತೆ. ಇಲ್ಲಿ ಎರಡೂ ಅಲ್ಲ. ಕ್ರಿಯಾಪದದ ಹಿಂದೆ ಈ 'ಔಟ್' ಸೇರಿದಾಗ ಅದರ ಕೆಲಸ ಬೇರೆ. 'ಇನ್ನೊಬ್ಬರಿಗಿಂತ ಹೆಚ್ಚಾಗಿ' ಅನ್ನೋ ಮಾತನ್ನು ಅದು ಹೊತ್ತು ತರುತ್ತೆ.

'ದ್ಯಾನ್' ಯಾಕೆ ಬರೋದಿಲ್ಲ ಅನ್ನೋದೂ ಇದರಲ್ಲೇ ಇದೆ. ಕನ್ನಡದಲ್ಲಿ ನಾವು 'ನನಗಿಂತ ಚೆನ್ನಾಗಿ ಮಾಡಿದ' ಅನ್ನುತ್ತೇವೆ. ಆ 'ಗಿಂತ'ವನ್ನು ಇಂಗ್ಲಿಷಿಗೆ ತರಲು ಹೋಗಿ 'ಹಿ ಔಟ್‌ಡಿಡ್ ದ್ಯಾನ್ ಮಿ' ಅಂತ ಬರೆಯುತ್ತಾರೆ. ಅದು ತಪ್ಪು. 'ಗಿಂತ' ಆಗಲೇ 'ಔಟ್' ಒಳಗೆ ಸೇರಿಹೋಗಿದೆ. 'ಹಿ ಔಟ್‌ಡಿಡ್ ಮಿ' ಅಷ್ಟೇ. 'ನನ್ನನ್ನು ಮೀರಿಸಿದ' ಅಂತ ದ್ವಿತೀಯಾ ವಿಭಕ್ತಿ ಇಟ್ಟು ಯೋಚಿಸಿದರೆ ವಾಕ್ಯ ತಾನಾಗಿ ಸರಿಯಾಗುತ್ತೆ. ಯಾರನ್ನು ಮೀರಿಸಿದ್ದು ಅನ್ನೋದು ಬೇಕೇ ಬೇಕು. ಸುಮ್ನೆ 'ಹಿ ಔಟ್‌ಡಿಡ್' ಅಂತ ನಿಲ್ಲಿಸುವಂತಿಲ್ಲ.

ರೂಪಗಳು ಸುಲಭ. ಡೂ, ಡಿಡ್, ಡನ್ ಇದ್ದ ಹಾಗೆ ಔಟ್‌ಡೂ, ಔಟ್‌ಡಿಡ್, ಔಟ್‌ಡನ್. ಉಚ್ಚಾರದಲ್ಲಿ ಒತ್ತು ಕೊನೆಯ 'ಡೂ' ಮೇಲೆ. 'ಔಟ್‌ಪುಟ್', 'ಔಟ್‌ಲೆಟ್' ಅನ್ನೋ ನಾಮಪದಗಳಲ್ಲಿ ಒತ್ತು ಮೊದಲ 'ಔಟ್' ಮೇಲೆ ಬೀಳುತ್ತೆ. ಓದಿ ಹೇಳುವಾಗ ಈ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತೆ.

ಬೇಲೂರಿನ ಗೈಡ್

ಮೇಷ್ಟ್ರು 'ಇನ್ನೊಂದು ಊರಿನಲ್ಲಿರಬಹುದು' ಅಂದಿದ್ದು ಓದಿ ಬರೆಯುತ್ತಿದ್ದೇನೆ. ವಿದೇಶದಿಂದ ಬಂದವರಿಗೆ ನಾನು ದಿನಾ ಹೇಳುವ ವಾಕ್ಯದಲ್ಲೇ ಈ ಪದ ಇದೆ.

ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನ ಕಟ್ಟಿಸಿದ್ದು. ಪ್ರತಿಷ್ಠೆ 1117ರಲ್ಲಿ. ಇದಾದ ಸ್ವಲ್ಪ ಸಮಯಕ್ಕೇ, 1121ರ ಹೊತ್ತಿಗೆ, ದೋರಸಮುದ್ರದಲ್ಲಿ ಅಂದರೆ ಈಗಿನ ಹಳೇಬೀಡಿನಲ್ಲಿ ಹೊಯ್ಸಳೇಶ್ವರದ ಕೆಲಸ ಶುರುವಾಯಿತು. ಅಲ್ಲಿ ಮುಂದೆ ನಿಂತವರು ಊರಿನ ಶ್ರೀಮಂತ ಶಿವಭಕ್ತರು. ಕೇತಮಲ್ಲ, ಕೇಸರಸೆಟ್ಟಿ ಅನ್ನೋ ಹೆಸರುಗಳು ಬರುತ್ತವೆ. ಬೇಲೂರಿಗೆ ಪೈಪೋಟಿಯಾಗಿ ಇದನ್ನು ಕಟ್ಟಿದರು ಅಂತ ಇತಿಹಾಸ ಬಲ್ಲವರು ಹೇಳುತ್ತಾರೆ. ಹಾಗಾಗಿ 'ದೇ ವಾಂಟೆಡ್ ಟು ಔಟ್‌ಡೂ ಬೇಲೂರ್' ಅನ್ನುತ್ತೇನೆ. ಬೇಲೂರನ್ನು ಮೀರಿಸಬೇಕು ಅಂದುಕೊಂಡರು.

ಆಗ ಬಂದವರು ಬಿಡುತ್ತಾರಾ, ಮೀರಿಸಿದರಾ ಇಲ್ಲವಾ ಅಂತ ಕೇಳಿಯೇ ಕೇಳುತ್ತಾರೆ. ಇಲ್ಲಿ 'ಯಾವುದರಲ್ಲಿ' ಅಂತ ಹೇಳದೆ ಉತ್ತರ ಕೊಡೋಕೆ ಆಗಲ್ಲ. ಹಳೇಬೀಡು ಜೋಡಿ ಗುಡಿ. ಹೊಯ್ಸಳೇಶ್ವರ ಒಂದು, ಶಾಂತಲೇಶ್ವರ ಇನ್ನೊಂದು. ಹೊರಗೋಡೆಯ ಸಾಲುಗಳನ್ನು ನೋಡಿ. ತೀರಾ ಕೆಳಗೆ ಆನೆಗಳು, ಸಾವಿರಕ್ಕೂ ಹೆಚ್ಚು. ಪಕ್ಕಪಕ್ಕದ ಎರಡು ಆನೆಗಳ ಸೊಂಡಿಲು, ಕಾಲಿನ ನಿಲುವು ಹೋಲಿಸಿ ನೋಡುತ್ತಾ ಹೋದರೆ ಶಿಲ್ಪಿ ಎಷ್ಟು ತಾಳ್ಮೆಯಿಂದ ಕೂತಿದ್ದ ಅಂತ ಗೊತ್ತಾಗುತ್ತೆ. ಆದರೆ ಬೇಲೂರಿನ ಮದನಿಕೆಯರ ಮುಂದೆ ನಿಂತರೆ ಬೇರೇನೂ ಬೇಡ ಅನ್ನಿಸುತ್ತೆ. ಒಳಗಿನ ಕಂಬಗಳೂ ಹಾಗೇ. ನಮ್ಮ ಹಿರಿಯರು ಇದನ್ನೇ 'ಬೇಲೂರು ಒಳಗೆ ನೋಡು, ಹಳೇಬೀಡು ಹೊರಗೆ ನೋಡು' ಅಂತ ಹೇಳಿಟ್ಟಿದ್ದಾರೆ.

2023ರಲ್ಲಿ ಯುನೆಸ್ಕೊ ಎರಡನ್ನೂ ಸೋಮನಾಥಪುರದ ಜೊತೆ ಒಂದೇ ಪಟ್ಟಿಗೆ ಸೇರಿಸಿತು. ನನಗೆ ತುಂಬಾ ಸಂತೋಷ ಆಯ್ತು.

ಹಳೇ ಮೇಷ್ಟ್ರು, ಅರಸೀಕೆರೆ

ಗೈಡ್ ಅವರೇ, ಬಹಳ ಒಳ್ಳೆಯ ಉದಾಹರಣೆ. ಆ 'ಯಾವುದರಲ್ಲಿ' ಅನ್ನೋದಕ್ಕೆ ಇಂಗ್ಲಿಷಿನಲ್ಲಿ 'ಇನ್' ಬಳಸುತ್ತಾರೆ. ಹೊರಗೋಡೆಯ ಶಿಲ್ಪದಲ್ಲಿ ಹಳೇಬೀಡು ಬೇಲೂರನ್ನು ಮೀರಿಸಿತು ಅನ್ನಬೇಕಾದರೆ 'ಔಟ್‌ಡಿಡ್ ಬೇಲೂರ್ ಇನ್' ಅಂತ ಶುರು ಮಾಡಿ ಮುಂದಿನದು ಸೇರಿಸಿ. ಮೊದಲು ಯಾರನ್ನು, ಆಮೇಲೆ ಯಾವುದರಲ್ಲಿ.

ಪಿಯುಸಿ ಹುಡುಗ, ಚಿಕ್ಕಮಗಳೂರು

ಸರ್, ನಾನು ಒಂದು ವಾಕ್ಯ ಮಾಡಿದ್ದೇನೆ. 'ಮುಳ್ಳಯ್ಯನಗಿರಿ ಔಟ್‌ಡಸ್ ಬಾಬಾಬುಡನ್‌ಗಿರಿ ಇನ್ ಹೈಟ್.' ಸರಿನಾ? ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರ.

ಹಳೇ ಮೇಷ್ಟ್ರು, ಅರಸೀಕೆರೆ

ವ್ಯಾಕರಣ ಸರಿ ಇದೆ ಮಗು, ಆದರೆ ಕಿವಿಗೆ ಒಪ್ಪಲ್ಲ. 'ಡೂ' ಅಂದರೆ ಮಾಡು. ಬೆಟ್ಟ ಏನು ಮಾಡಿತು? ಸುಮ್ನೆ ನಿಂತಿದೆ. ಇಲ್ಲಿ 'ಟಾಲರ್ ದ್ಯಾನ್' ಅಥವಾ 'ಹೈಯರ್ ದ್ಯಾನ್' ಸಾಕು. ಏನಾದರೂ ಮಾಡುವವರಿಗೆ ಔಟ್‌ಡೂ ಹೊಂದುತ್ತೆ. ವ್ಯಕ್ತಿ, ತಂಡ, ಊರು, ಕಂಪನಿ, ಹೀಗೆ.

ಜೊತೆಗೆ ಇನ್ನೆರಡು ಪದ ಗೊಂದಲ ಮಾಡುತ್ತವೆ. 'ಎಕ್ಸೀಡ್' ಅಂದರೆ ಒಂದು ಲೆಕ್ಕವನ್ನೋ ಮಿತಿಯನ್ನೋ ದಾಟೋದು. ಘಾಟಿಯಲ್ಲಿ ವೇಗದ ಮಿತಿ ದಾಟಿದರೆ ಅದು ಎಕ್ಸೀಡ್. 'ಎಕ್ಸೆಲ್' ಅಂದರೆ ತುಂಬಾ ಚೆನ್ನಾಗಿ ಮಾಡೋದು. ಅಲ್ಲಿ ಎದುರಾಳಿಯ ಹೆಸರು ಸಾಮಾನ್ಯವಾಗಿ ಬರಲ್ಲ. 'ಶಿ ಎಕ್ಸೆಲ್ಸ್ ಇನ್ ಮ್ಯಾಥ್ಸ್' ಅಂದರೆ ಮುಗಿಯಿತು. ಕನ್ನಡದಲ್ಲಿ 'ಗಣಿತದಲ್ಲಿ ಎತ್ತಿದ ಕೈ' ಅನ್ನುತ್ತೇವಲ್ಲ, ಹಾಗೆ.

ಸುದ್ದಿಮನೆ, ಹಾಸನ

ಪತ್ರಿಕೆಯಲ್ಲಿ ಅನುವಾದ ಮಾಡುವ ಕೆಲಸ ನನ್ನದು. ಈ 'ಔಟ್' ಬಳಗ ದಿನಾ ಎದುರಾಗುತ್ತೆ. ಎಲ್ಲದಕ್ಕೂ 'ಮೀರಿಸು' ಹಾಕಿದರೆ ವಾಕ್ಯ ಸಪ್ಪೆಯಾಗುತ್ತೆ, ಕೆಲವು ಕಡೆ ತಪ್ಪೂ ಆಗುತ್ತೆ.

ಮೊದಲು ಹೇಮಾವತಿ ದಡದ ಅಕ್ಕ ಕೇಳಿದ 'ನಾಟ್ ಟು ಬಿ ಔಟ್‌ಡನ್'. ಪದಕ್ಕೆ ಪದ ಇಟ್ಟರೆ 'ಮೀರಿಸಲ್ಪಡಬಾರದೆಂದು' ಅಂತಾಗುತ್ತೆ. ಹಾಗೆ ಯಾರೂ ಮಾತಾಡಲ್ಲ. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತೇ ಇದೆ: 'ತಾನೇನು ಕಡಿಮೆ ಎಂಬಂತೆ'. ಒಂದು ತಂಡ ಸಾಲಾಗಿ ಪಾಯಿಂಟ್ ತಗೊಂಡಿತು, ತಾನೇನು ಕಡಿಮೆ ಎಂಬಂತೆ ಇನ್ನೊಂದು ತಂಡವೂ ತಿರುಗಿಬಿತ್ತು. ಇಂಗ್ಲಿಷಿನಲ್ಲಿ ಈ ತುಣುಕು ಹೆಚ್ಚಾಗಿ ವಾಕ್ಯದ ಶುರುವಿನಲ್ಲಿ ಬರುತ್ತೆ, ಅದು ಮುಗಿದ ಕೂಡಲೇ ಕರ್ತೃ ಬರುತ್ತೆ.

ಇಬ್ಬರೂ ಒಬ್ಬರನ್ನೊಬ್ಬರು ಮೀರಿಸಲು ನೋಡುತ್ತಿದ್ದರೆ 'ನಾ ಮುಂದು ತಾ ಮುಂದು ಎಂದು' ಅಂತ ಬರೆಯುತ್ತೇನೆ. ಓದುವವರಿಗೆ ತಕ್ಷಣ ಚಿತ್ರ ಸಿಗುತ್ತೆ.

'ಔಟ್‌ಸ್ಟ್ರಿಪ್' ಬಂದರೆ 'ಹಿಂದಿಕ್ಕು'. ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಹಾಸನ ಅಂದರೆ ಆಲೂಗಡ್ಡೆ ಅಂತಿತ್ತು. ಅಂಗಮಾರಿ ರೋಗದ ಹೊಡೆತಕ್ಕೆ ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳ, ಶುಂಠಿ ಕಡೆ ಹೋದರು. ಜೋಳ ಆಲೂಗಡ್ಡೆಯನ್ನು ಹಿಂದಿಕ್ಕಿತು ಅಂದರೆ ಸರಿ. 'ಸೋಲಿಸಿತು' ಅಂತ ಬರೆದರೆ ಬೆಳೆಗೂ ಬೆಳೆಗೂ ಜಗಳ ಹಚ್ಚಿದ ಹಾಗಾಗುತ್ತೆ.

'ಔಟ್‌ನಂಬರ್' ಬಂದರೆ 'ಸಂಖ್ಯೆಯಲ್ಲಿ ಜಾಸ್ತಿ'. 'ಔಟ್‌ವೇ' ಬಂದರೆ 'ತೂಕ ಹೆಚ್ಚು', ಲಾಭ ನಷ್ಟ ತೂಗಿ ನೋಡುವ ಕಡೆ. 'ಔಟ್‌ಪೋಲ್' ಅಂದರೆ ಎದುರಾಳಿಗಿಂತ ಹೆಚ್ಚು ಮತ ಪಡೆಯೋದು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರನ್ನು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಹಿಂದಿಕ್ಕಿದರು. ಅಲ್ಲಿ 'ಔಟ್‌ಪೋಲ್' ಸರಿ, 'ಡಿಫೀಟ್' ಕೂಡ ಸರಿ, ಯಾಕೆಂದರೆ ಇಬ್ಬರೂ ಕಣದಲ್ಲಿದ್ದರು. 'ಔಟ್‌ವೋಟ್' ಬೇರೆ. ಸಭೆಯಲ್ಲಿ ಕೈಯೆತ್ತಿ ತೀರ್ಮಾನ ಮಾಡುವಾಗ ಒಬ್ಬನ ಮಾತು ಬಿದ್ದುಹೋದರೆ ಅವನು ಔಟ್‌ವೋಟ್ ಆದ ಅಂತ ಅರ್ಥ.

ತೋಟದವರು, ಸಕಲೇಶಪುರ

'ಔಟ್‌ರನ್' ಬಗ್ಗೆ ನಾನೂ ಒಂದು ಹೇಳಬೇಕು. ಇದು ನಮಗೆ ಪಾಠದ ವಿಷಯ ಅಲ್ಲ, ಜೀವದ ವಿಷಯ.

ಆಲೂರು, ಸಕಲೇಶಪುರ ಕಡೆ ಕಾಡಾನೆ ತೋಟಕ್ಕೆ ಬರೋದು ಎಲ್ಲರಿಗೂ ಗೊತ್ತು. ಎಲ್ಲಿ ಆನೆ ಇದೆ ಅಂತ ಮೊಬೈಲ್‌ಗೆ ಮೆಸೇಜ್ ಬರುತ್ತೆ. ಕೆಲಸದವರನ್ನು ಆ ಬ್ಲಾಕ್‌ಗೆ ಕಳಿಸೋದಿಲ್ಲ. 'ಯು ಕ್ಯಾನಾಟ್ ಔಟ್‌ರನ್ ಆ್ಯನ್ ಎಲಿಫೆಂಟ್' ಅಂತ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇದಕ್ಕೆ 'ಆನೆಯನ್ನು ಓಟದಲ್ಲಿ ಮೀರಿಸಲಾಗದು' ಅಂತ ಬರೆದರೆ ಏನೋ ಪಂದ್ಯ ಇದ್ದ ಹಾಗೆ ಕೇಳುತ್ತೆ. ಸರಿಯಾದ ಮಾತು 'ಓಡಿ ತಪ್ಪಿಸಿಕೊಳ್ಳೋಕೆ ಆಗಲ್ಲ'. ಆನೆ ನಿಧಾನದ ಪ್ರಾಣಿ ಅಂತ ತಿಳಿದವರಿಗೆ ಈ ವಾಕ್ಯ ಚೆನ್ನಾಗಿ ಅರ್ಥವಾಗಬೇಕು. ಕಾಫಿ ಗಿಡದ ಸಾಲಿನ ನಡುವೆ ಮನುಷ್ಯನಿಗೆ ಓಡಲು ಜಾಗ ಇರಲ್ಲ. ರೆಂಬೆ ಎದೆಗೆ ತಾಗುತ್ತೆ, ಚರಂಡಿಗೆ ಕಾಲು ಸಿಗುತ್ತೆ. ಆನೆಗೆ ಗಿಡವೂ ಲೆಕ್ಕಕ್ಕಿಲ್ಲ, ಬೇಲಿಯೂ ಲೆಕ್ಕಕ್ಕಿಲ್ಲ.

ಹಳೇ ಮೇಷ್ಟ್ರು, ಅರಸೀಕೆರೆ

ನಿಮ್ಮ ಮಾತಿನಿಂದ ಒಂದು ಮುಖ್ಯ ವಿಷಯ ಬಂತು. 'ರನ್' ಅಕರ್ಮಕ. ಓಡು ಅಷ್ಟೇ, ಯಾರನ್ನು ಅನ್ನೋ ಪ್ರಶ್ನೆ ಇಲ್ಲ. 'ಔಟ್' ಸೇರಿದ ಕೂಡಲೇ ಅದು ಸಕರ್ಮಕ ಆಯ್ತು, ಯಾರನ್ನು ಅನ್ನೋದು ಬೇಕಾಯ್ತು. ಲಿವ್, ಗ್ರೋ, ಶೈನ್ ಎಲ್ಲಕ್ಕೂ ಹೀಗೇ. ಇಂಗ್ಲಿಷಿನಲ್ಲಿ ಈ 'ಔಟ್' ಎಷ್ಟು ಸಲೀಸು ಅಂದರೆ ಮನುಷ್ಯರ ಹೆಸರಿಗೂ ಅಂಟಿಕೊಳ್ಳುತ್ತೆ. 'ಹ್ಯಾಮ್ಲೆಟ್' ನಾಟಕದಲ್ಲಿ 'ಔಟ್‌ಹೆರಾಡ್ಸ್ ಹೆರಾಡ್' ಅಂತ ಬರುತ್ತೆ. ಹೆರಾಡ್ ಅಬ್ಬರಿಸುವ ಕ್ರೂರ ರಾಜ. ಅಬ್ಬರದಲ್ಲಿ ಹೆರಾಡನನ್ನೇ ಮೀರಿಸುವಂಥದ್ದು ಅಂತ ಅರ್ಥ.

ಆದರೆ ಪೈಪೋಟಿ ಇಲ್ಲದ ಕಡೆಯೂ ಈ ಪದಗಳು ಬರುತ್ತವೆ, ಅಲ್ಲಿ ಹುಷಾರಾಗಿರಬೇಕು. 'ಶಿ ಔಟ್‌ಲಿವ್ಡ್ ಹರ್ ಹಸ್ಬೆಂಡ್' ಅನ್ನೋದಕ್ಕೆ ಒಬ್ಬ ಹುಡುಗ 'ಗಂಡನನ್ನು ಮೀರಿಸಿ ಬದುಕಿದಳು' ಅಂತ ಬರೆದಿದ್ದ. ಗಂಡ ತೀರಿಕೊಂಡ ಮೇಲೂ ಆಕೆ ಬದುಕಿದ್ದಳು ಅಂತಷ್ಟೇ ಅರ್ಥ. 'ಔಟ್‌ಗ್ರೋ' ಕೂಡ ಹಾಗೇ. ಮಗು ಬೆಳೆಯಿತು, ಹೋದ ವರ್ಷದ ಅಂಗಿ ಗಿಡ್ಡ ಆಯ್ತು. ಅಲ್ಲಿ ಮೀರಿಸೋ ಮಾತೇ ಇಲ್ಲ.

ಕಾಫಿ ಮೆಣಸು, ಮೂಡಿಗೆರೆ

ವ್ಯಾಪಾರದ ಕಡೆಯ ಪದಗಳನ್ನು ಯಾರೂ ಹೇಳಿಲ್ಲ. 'ಔಟ್‌ಬಿಡ್' ಅಂದರೆ ಹರಾಜಿನಲ್ಲಿ ಇನ್ನೊಬ್ಬನಿಗಿಂತ ಮೇಲೆ ಕೂಗೋದು. ನಮ್ಮಲ್ಲಿ 'ಅವನ ಮೇಲೆ ಕೂಗಿ ತಗೊಂಡ' ಅಂತಾರೆ. ಜಾತ್ರೆಯಲ್ಲಿ ದೇವರ ಹಾರವನ್ನು ಸವಾಲು ಕೂಗುವಾಗ ನೋಡಿ, ಒಬ್ಬ ಕೂಗಿದ್ದಕ್ಕೆ ಇನ್ನೊಬ್ಬ ಏರಿಸುತ್ತಾನೆ, ಮೂರನೆಯವನು ಸುಮ್ಮನಿದ್ದು ಕೊನೆಯಲ್ಲಿ ಕೂಗುತ್ತಾನೆ. ಈ ಪದದ ಭೂತಕಾಲವೂ 'ಔಟ್‌ಬಿಡ್' ಅಂತಲೇ. 'ಔಟ್‌ಬಿಡೆಡ್' ಅಂತ ಇಲ್ಲ.

'ಔಟ್‌ಸ್ಮಾರ್ಟ್', 'ಔಟ್‌ವಿಟ್' ಅಂದರೆ ಬುದ್ಧಿಯಲ್ಲಿ ಮೀರಿಸೋದು. ಅದಕ್ಕೆ ನಮ್ಮ ಹಳೇ ಮಾತು ಇದ್ದೇ ಇದೆಯಲ್ಲ: ಅವನು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುತ್ತಾನೆ. ಇದಕ್ಕಿಂತ ಚೆನ್ನಾಗಿ ಯಾವ ನಿಘಂಟೂ ಹೇಳಲಾರದು.

'ಔಟ್‌ಪ್ರೊಡ್ಯೂಸ್' ಅಂತಲೂ ಇದೆ. ಕಾಫಿ ಮೊದಲು ಬೇರೂರಿದ್ದು ನಮ್ಮ ಬಾಬಾಬುಡನ್‌ಗಿರಿಯಲ್ಲಿ ಅಂತ ಹೇಳಿಕೊಳ್ಳುತ್ತೇವೆ, ಆ ಹೆಮ್ಮೆ ನನಗೂ ಇದೆ. ಆದರೆ ಒಟ್ಟು ಉತ್ಪಾದನೆಯ ಲೆಕ್ಕ ತೆಗೆದರೆ ಕೊಡಗು ಚಿಕ್ಕಮಗಳೂರನ್ನು ಹಿಂದಿಕ್ಕಿದೆ. ದೇಶದ ಲೆಕ್ಕದಲ್ಲಿ ರೊಬಸ್ಟಾ ಅರೇಬಿಕಾವನ್ನು ಎಂದೋ ಹಿಂದಿಕ್ಕಿತು. ಪ್ರಪಂಚದ ಲೆಕ್ಕದಲ್ಲಿ ವಿಯೆಟ್ನಾಂ ಕೊಲಂಬಿಯಾವನ್ನು ಹಿಂದಿಕ್ಕಿ ಬ್ರೆಜಿಲ್ ನಂತರ ನಿಂತಿದೆ. ಮೂರು ಕಡೆಯೂ ಯಾರೂ ಯಾರನ್ನೂ 'ಸೋಲಿಸಿಲ್ಲ'.

ಇನ್ನೊಂದು ಪದ ಕಾಡಿನ ಬಗ್ಗೆ ಓದುವಾಗ ಸಿಗುತ್ತೆ, 'ಔಟ್‌ಕಂಪೀಟ್'. ಲಂಟಾನ ಬಂದ ಜಾಗ ನೋಡಿದ್ದೀರಾ? ಬಿಸಿಲು, ನೀರು, ಮಣ್ಣು ಎಲ್ಲ ತಾನೇ ಹಿಡಿದುಕೊಂಡು ಕೆಳಗೆ ಹುಲ್ಲು ಏಳದ ಹಾಗೆ ಮಾಡುತ್ತೆ. ಇಲ್ಲಿ 'ಮೀರಿಸಿತು' ಅಂದರೆ ಲಂಟಾನಕ್ಕೆ ಹೊಗಳಿಕೆ ಆಗುತ್ತೆ. 'ಬೇರೆ ಗಿಡ ಬೆಳೆಯಲು ಬಿಡಲಿಲ್ಲ' ಅಂತಲೇ ಬರೆಯಬೇಕು.

ಚನ್ನರಾಯಪಟ್ಟಣದಿಂದ

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ. ನಮ್ಮ ಶ್ರವಣಬೆಳಗೊಳದ ಗುಳ್ಳಕಾಯಜ್ಜಿ ಕಥೆ ಇಲ್ಲಿಗೆ ಸರಿಹೊಂದುತ್ತೆ ಅನ್ನಿಸಿತು.

ಚಾವುಂಡರಾಯ 58 ಅಡಿಯ ಗೊಮ್ಮಟನನ್ನು ಮಾಡಿಸಿದ. ಕೊಡಗಟ್ಟಲೆ ಹಾಲು ತರಿಸಿ ಅಭಿಷೇಕ ಮಾಡಿಸಿದ. ಎಷ್ಟು ಸುರಿದರೂ ಹಾಲು ಪಾದದವರೆಗೆ ಇಳಿಯಲಿಲ್ಲ. ಆಗ ಒಬ್ಬ ಬಡ ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ಒಂದಿಷ್ಟು ಹಾಲು ತಂದಳು. ಅದು ಮೈಯೆಲ್ಲ ತೋಯಿಸಿ ಪಾದ ದಾಟಿ ಬೆಟ್ಟದ ಕೆಳಗೆ ಹರಿಯಿತು ಅಂತ ಕಥೆ. ಆ ಅಜ್ಜಿಯ ವಿಗ್ರಹ ಇವತ್ತೂ ಬೆಟ್ಟದ ಮೇಲೆ ಗೊಮ್ಮಟನ ಎದುರಿಗೆ ಇದೆ, ಕೈಯಲ್ಲಿ ಆ ಚಿಪ್ಪು ಹಿಡಿದುಕೊಂಡು. 'ದಿ ಓಲ್ಡ್ ವುಮನ್ ಔಟ್‌ಡಿಡ್ ಚಾವುಂಡರಾಯ' ಅನ್ನಬಹುದಲ್ವಾ ಮೇಷ್ಟ್ರೇ?

ಬೇಲೂರಿನ ಗೈಡ್

ನನಗೆ ಇದು ಒಪ್ಪಿಗೆ ಇಲ್ಲ. ಹಳೇಬೀಡಿನವರು ಪೈಪೋಟಿಗೆ ಇಳಿದಿದ್ದರು, ಅಲ್ಲಿ ಔಟ್‌ಡೂ ಸರಿ. ಅಜ್ಜಿ ಪೈಪೋಟಿಗೆ ಬಂದವಳಲ್ಲ. ಭಕ್ತಿಯಿಂದ ಬಂದಳು. ಅವಳ ಹಾಲಿಗೆ ಈ ಪದ ಹಾಕಿದರೆ ಚಾವುಂಡರಾಯನ ಅಹಂಕಾರವನ್ನು ಅವಳಿಗೂ ಹಚ್ಚಿದ ಹಾಗಾಗುತ್ತೆ.

ಹಳೇ ಮೇಷ್ಟ್ರು, ಅರಸೀಕೆರೆ

ವ್ಯಾಕರಣದ ಮಟ್ಟಿಗೆ ಹೇಳುತ್ತೇನೆ. ಔಟ್‌ಡೂಗೆ ಉದ್ದೇಶ ಇರಲೇಬೇಕು ಅಂತಿಲ್ಲ. ಗೊತ್ತಿಲ್ಲದೆಯೂ ಒಬ್ಬರನ್ನು ಮೀರಿಸಬಹುದು. ಉದ್ದೇಶ ಬೇಕಾದದ್ದು 'ನಾಟ್ ಟು ಬಿ ಔಟ್‌ಡನ್'ಗೆ. ಅಲ್ಲಿ 'ನಾನೇನು ಕಡಿಮೆ' ಅನ್ನೋ ಮನಸ್ಸು ಇದ್ದೇ ಇರುತ್ತೆ. ಹಾಗಾಗಿ ಅಜ್ಜಿಗೆ ಮೊದಲನೆಯದು ಹಾಕಬಹುದು, ಎರಡನೆಯದು ಖಂಡಿತಾ ಹಾಕಬಾರದು.

ಅದೇ ಬೆಟ್ಟದ ಬಾಹುಬಲಿಯ ಕಥೆಯಲ್ಲೂ ಈ ಪದಗಳಿವೆ. ಭರತನ ಜೊತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನದೇ ಮೇಲುಗೈ. ರೆಪ್ಪೆ ಬಡಿಯದೆ ನೋಡಿ ಎದುರಿನವನು ಕಣ್ಣು ತಗ್ಗಿಸುವಂತೆ ಮಾಡೋದಕ್ಕೆ ಇಂಗ್ಲಿಷಿನಲ್ಲಿ 'ಔಟ್‌ಸ್ಟೇರ್' ಅನ್ನುತ್ತಾರೆ. ಕುಸ್ತಿಯಲ್ಲಿ ಮೀರಿಸಿದರೆ 'ಔಟ್‌ರೆಸಲ್'. ಆದರೆ ಗೆದ್ದ ಮೇಲೆ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಿಂತನಲ್ಲ, ಅದಕ್ಕೆ ಯಾವ 'ಔಟ್' ಪದವೂ ಹೊಂದಲ್ಲ. ಅಲ್ಲಿ ಎದುರಾಳಿಯೇ ಇಲ್ಲ.

ಬೇಲೂರಿನ ಗೈಡ್

ಬಾಹುಬಲಿ ಮಾತು ಒಪ್ಪಿದೆ. ಅಜ್ಜಿಯ ವಿಷಯದಲ್ಲಿ ಮಾತ್ರ ನಾನು ಬಂದವರಿಗೆ ಆ ಪದ ಹೇಳಲ್ಲ ಮೇಷ್ಟ್ರೇ.

ಹೇಮಾವತಿ ದಡ, ಹಾಸನ

ಎಲ್ಲರಿಗೂ ತುಂಬಾ ಧನ್ಯವಾದ. ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಕನ್ನಡದ ಬಗ್ಗೆಯೇ ಅವಳದೊಂದು ಪ್ರಶ್ನೆ ಬಂತು. 'ಮೀರು', 'ಮೀರಿಸು' ಎರಡೂ ಒಂದೇನಾ?

ಸುದ್ದಿಮನೆ, ಹಾಸನ

ಒಳ್ಳೆಯ ಪ್ರಶ್ನೆ. ಒಂದೇ ಅಲ್ಲ. 'ಅಪ್ಪನ ಮಾತು ಮೀರಿದ' ಅಂದರೆ ಮಾತು ಕೇಳಲಿಲ್ಲ. 'ಹದ್ದು ಮೀರಿದ', 'ಕೈ ಮೀರಿ ಹೋಯ್ತು' ಎಲ್ಲ ಗೆರೆ ದಾಟಿದ ಮಾತುಗಳು. 'ಅಪ್ಪನನ್ನೇ ಮೀರಿಸಿದ' ಅಂದರೆ ಹೊಗಳಿಕೆ, ಅಪ್ಪನಿಗೂ ಖುಷಿಯ ಮಾತು. 'ಅಪ್ಪನನ್ನು ಮೀರಿದ' ಅಂತ ಬರೆದರೆ ಓದುವವರು ಎರಡು ಥರ ತಿಳಿಯಬಹುದು. ಅದಕ್ಕೇ ಔಟ್‌ಡೂಗೆ ನಾನು 'ಮೀರಿಸು' ಅನ್ನೇ ಬಳಸುತ್ತೇನೆ, 'ಮೀರು' ಅಲ್ಲ. 'ಎಕ್ಸೀಡ್'ಗೆ ಬೇಕಾದರೆ 'ಮೀರು' ಸರಿ.

ಪಿಯುಸಿ ಹುಡುಗ, ಚಿಕ್ಕಮಗಳೂರು

ಸರ್, ಕೊನೆಯದಾಗಿ ಎರಡು. 'ಔಟ್‌ವಿನ್' ಅಂತ ಇದೆಯಾ? 'ಔಟ್‌ಡಿಡ್ ಹರ್‌ಸೆಲ್ಫ್' ಅಂತ ಒಂದು ಕಡೆ ಓದಿದೆ. ತನ್ನನ್ನೇ ತಾನು ಮೀರಿಸೋದು ಹೇಗೆ?

ಹಳೇ ಮೇಷ್ಟ್ರು, ಅರಸೀಕೆರೆ

'ಔಟ್‌ವಿನ್' ಬಳಕೆಯಲ್ಲಿ ಇಲ್ಲ ಮಗು, ಬರೆಯಬೇಡ. 'ವಿನ್' ಪದದಲ್ಲೇ ಗೆಲುವು ಇದೆ, ಮತ್ತೆ 'ಔಟ್' ಯಾಕೆ? ಆಡು, ಓಡು, ಕೂಗು, ನೋಡು, ಇಂಥ ಮಾಡುವ ಕೆಲಸಗಳ ಹಿಂದೆ 'ಔಟ್' ಚೆನ್ನಾಗಿ ಕೂರುತ್ತೆ. ಕಬಡ್ಡಿಯಲ್ಲಿ ನಿಮ್ಮ ತಂಡ ಚೆನ್ನಾಗಿ ಆಡಿ ಗೆದ್ದರೆ 'ವಿ ಔಟ್‌ಪ್ಲೇಡ್ ದೆಮ್' ಅನ್ನು.

'ಔಟ್‌ಡಿಡ್ ಹರ್‌ಸೆಲ್ಫ್' ಅಂದರೆ ಆಕೆಯ ಹೋಲಿಕೆ ಆಕೆಯ ಹಿಂದಿನ ಕೆಲಸದ ಜೊತೆಗೇ. ಅಮ್ಮ ಯಾವಾಗಲೂ ಕಡುಬು ಚೆನ್ನಾಗಿ ಮಾಡುತ್ತಾರೆ, ಈ ಸಲ ಹಬ್ಬಕ್ಕೆ ಮಾಡಿದ್ದು ಅದಕ್ಕಿಂತಲೂ ಚೆನ್ನಾಗಿತ್ತು. ಅಲ್ಲಿ 'ಅಮ್ಮ ಔಟ್‌ಡಿಡ್ ಹರ್‌ಸೆಲ್ಫ್' ಅನ್ನಬಹುದು. ಕನ್ನಡಕ್ಕೆ ತರುವಾಗ 'ತನ್ನನ್ನೇ ತಾನು ಮೀರಿಸಿದಳು' ಅನ್ನೋದು ಭಾಷಣದ ಮಾತಾಗುತ್ತೆ. 'ಹಿಂದೆಂದೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ' ಅಂತ ಬರೆ. ಪರೀಕ್ಷೆಯಲ್ಲಿ ಇದು ವಾಕ್ಯ ಮಾಡಲು ಬಂದರೆ ಹರ್‌ಸೆಲ್ಫ್, ಹಿಮ್‌ಸೆಲ್ಫ್, ದೆಮ್‌ಸೆಲ್ವ್ಸ್ ಕರ್ತೃವಿಗೆ ಹೊಂದುವಂತೆ ನೋಡಿಕೋ.